ಸಂಘದ ಸುದ್ದಿ ಮಂದಿಗೆ ಮುಟ್ಟಸಾಕ ಯಾವ ದಾರಿ ಚಲೋ: ವಾಟ್ಸಾಪೋ, ಮೈಕೋ, ಮನಿಮನಿಗೆ ಹೋಗೋದೋ?

ನಮ್ಮ ಬಾಗಲಕೋಟಿ ಕಡೆ ಯಾವುದರ ಓಣ್ಯಾಗ ಹತ್ತು ಹನ್ನೆರಡು ಮಂದಿ ಕೂಡಿ ಒಂದು ಸೇವಾ ಸಂಘ ಕಟ್ಟಿದ್ರಂದ್ರ, ರಕ್ತದಾನ ಶಿಬಿರ ಇರ್ಲಿ, ಕಣ್ಣಿನ ತಪಾಸಣಿ ಇರ್ಲಿ, ಸಾಲಿ ಹುಡುಗ್ರಿಗೆ ನೋಟಬುಕ್ ಕೊಡೋದಿರ್ಲಿ, ಮೊದಲನೇ ಮೀಟಿಂಗಿನ್ಯಾಗ ಮಾತಿಗೆ ಮಾತು ಬೆಳಿಯೋದು ಒಂದ ವಿಷಯಕ್ಕ, ಇದನ್ನ ಮಂದಿಗೆ ಹೆಂಗ ಮುಟ್ಟಿಸೋದು ಅಂತ. ಒಬ್ಬ ವಾಟ್ಸಾಪ್ ಗ್ರೂಪ್ ಮಾಡೂಣು ಅಂತಾನ, ಇನ್ನೊಬ್ಬ ಸರ್ಕಲ್‌ನ್ಯಾಗ ದೊಡ್ಡ ಬ್ಯಾನರ್ ಕಟ್ಟೂಣು ಅಂತಾನ, ಮತ್ತೊಬ್ಬ ಟಂಟಂ ಗಾಡಿಗೆ ಮೈಕ್ ಕಟ್ಟಿ ಊರ ತುಂಬ ತಿರಗಸೂಣು ಅಂತಾನ, ಕಡೀಕ ಯಾರ ಕೈಯಾಗ ಯಾವುದು ಸಲೀಸ ಸಿಗತೈತೋ ಅದ ಆಗತೈತಿ. ಸಲೀಸ ಸಿಕ್ಕಿದ್ದು ಕೆಲ್ಸಕ್ಕ ಬರ್ತೈತೋ ಇಲ್ಲೋ ಅಂತ ನೋಡೋರು ಕಮ್ಮಿ.

ದಾರಿ ಆರಿಸೋ ಮುಂಚೆ ಎರಡು ಮಾತು ಕೇಳ್ಕೋರಿ. ಒಂದು, ನಮಗ ಬೇಕಾಗಿರೋದು ಯಾರು? ಸಹಾಯ ತಗೊಳ್ಳೋರೋ, ರೊಕ್ಕ ಕೊಡೋರೋ, ಕೈ ಜೋಡಸಾಕ ಬರೋ ಹುಡುಗ್ರೋ? ಈ ಮೂರೂ ಮಂದಿ ಒಂದ ಜಾಗಾದಾಗ ಕುಂತಿರಂಗಿಲ್ಲ. ಎರಡನೇದು, ನನ್ನ ಪ್ರಕಾರ ಇದ ದೊಡ್ಡದು, ಸುದ್ದಿ ಕೇಳಿದಾಂವ ತಿರುಗಿ ಒಂದು ಪ್ರಶ್ನಿ ಕೇಳಬೇಕಂದ್ರ ಅಲ್ಲಿ ಯಾರರ ಇರ್ತಾರೇನು? ಯಾಕಂದ್ರ ನಮ್ಮ ಮಂದಿ ಶಿಬಿರಕ್ಕ ಬರದ ಇರೋದು ಸುದ್ದಿ ಗೊತ್ತಿಲ್ಲ ಅಂತಷ್ಟ ಅಲ್ಲ, ಮನಸಿನ್ಯಾಗ ಒಂದು ಅಂಜಿಕಿ ಇರ್ತೈತಿ, ಅದಕ್ಕ ಉತ್ತರ ಕೊಡೋರು ಸಿಗಂಗಿಲ್ಲ. ಎಷ್ಟು ಮಂದಿ ನೋಡಿದ್ರು ಅನ್ನೋ ಲೆಕ್ಕ ನೋಡಿದ್ರ ಬ್ಯಾನರ್ ಗೆಲ್ತೈತಿ, ಎಷ್ಟು ಮಂದಿ ಬಂದ್ರು ಅನ್ನೋ ಲೆಕ್ಕ ನೋಡಿದ್ರ ಬ್ಯಾರೇನ ಆಗತೈತಿ.

ವಾಟ್ಸಾಪ್‌ದಿಂದ ಶುರು ಮಾಡ್ತೀನಿ, ಎಲ್ಲಾರ ಕೈಯಾಗೂ ಅದ ಐತಿ. ಖರ್ಚಿಲ್ಲ, ಎರಡು ನಿಮಿಷದಾಗ ಜಮಖಂಡಿಯಿಂದ ಇಳಕಲ್‌ತನ ಹೋಗತೈತಿ. ಒಂದು ಗ್ರೂಪಿಗೆ 1024 ಮಂದಿ ಹಿಡಿತಾರ, ಬ್ರಾಡ್‌ಕಾಸ್ಟ್ ಲಿಸ್ಟಿಗೆ 256. ಆದ್ರ ಬ್ರಾಡ್‌ಕಾಸ್ಟ್ ಮಾಡೋರು ಒಂದು ತಿಳ್ಕೋಬೇಕು, ನಿಮ್ಮ ನಂಬರ್ ಅವರ ಫೋನಿನ್ಯಾಗ ಸೇವ್ ಇದ್ರ ಅಷ್ಟ ಆ ಮೆಸೇಜ್ ಅವರಿಗೆ ಮುಟ್ಟತೈತಿ, ಇಲ್ಲಾಂದ್ರ ಇಲ್ಲ. ಹಂಗಾಗಿ ಹೊಸಬರನ್ನ ಹುಡುಕಾಕ ಅದು ಉಪಯೋಗಿಲ್ಲ, ಪರಿಚಯ ಇದ್ದೋರಿಗೆ ನೆನಪು ಮಾಡಾಕ ಭಾಳ ಚಲೋ. ಗ್ರೂಪಿನ ತೊಂದ್ರಿ ಎಲ್ಲಾರಿಗೂ ಗೊತ್ತಿದ್ದದ್ದ, ಗುಡ್ ಮಾರ್ನಿಂಗ್ ಹೂವು, ದೇವರ ಫೋಟೋ, ಯಾರದೋ ಹುಟ್ಟಹಬ್ಬ, ಇವುಗಳ ನಡುವ ನಿಮ್ಮ ಶಿಬಿರದ ತಾರೀಖು ಮುಳಗಿ ಹೋಗತೈತಿ. ಅದಕ್ಕ ಎರಡು ಗ್ರೂಪ್ ಇಟ್ಕೋರಿ, ಒಂದು ಕೆಲ್ಸ ಮಾಡೋ ಹುಡುಗ್ರದ್ದು, ಅಲ್ಲಿ ಎಲ್ಲಾರೂ ಮಾತಾಡ್ಲಿ, ಇನ್ನೊಂದು ಸುದ್ದಿ ಹೇಳಾಕ ಅಷ್ಟ, ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಂಗ ಸೆಟ್ಟಿಂಗ್ ಮಾಡಿದ್ದು, ಅದರ ಕೆಳಗ ಫೋನ್ ಮಾಡಿ ಕೇಳಾಕ ಒಂದು ನಂಬರ್. ಇನ್ನ ಯಾರ ಮನ್ಯಾಗ ಅಜ್ಜಿಗೆ ಕಣ್ಣು ಕಾಣವಲ್ವು ಆಗ್ಯಾವೋ ಆ ಅಜ್ಜಿ ವಾಟ್ಸಾಪ್ ನೋಡಂಗಿಲ್ಲ, ಆಕಿ ಮಗ ನೋಡ್ತಾನ, ಅಂವ ಪುಣೆದಾಗೋ ಗೋವಾದಾಗೋ ಇರ್ತಾನ. ಹಂಗಂತ ಅದು ದಂಡ ಅನ್ನಬ್ಯಾಡ್ರಿ, ಆ ಮಗ ಅಲ್ಲಿಂದ ಮನಿಗೆ ಫೋನ್ ಮಾಡಿ "ಯವ್ವಾ ಹೋಗಿ ಬಾ" ಅಂದ್ರ ಅರ್ಧಾ ಕೆಲ್ಸ ಆಗತೈತಿ. ಅದಕ್ಕ ಮೆಸೇಜ್ ಬರಿಯುವಾಗ ಅಜ್ಜಿಗೆ ಅಲ್ಲ, ಮಗನಿಗೆ ಬರೀರಿ, "ನಿಮ್ಮ ತಾಯಿ ತಂದಿಗೆ ಕಣ್ಣು ಮಂಜ ಆಗಿದ್ರ ಈ ನಂಬರಿಗೆ ಒಂದು ಫೋನ್ ಮಾಡ್ರಿ, ನಮ್ಮ ಹುಡುಗ್ರು ಮನಿಗೆ ಹೋಗಿ ಕರ್ಕೊಂಡ ಬರ್ತಾರ" ಅಂತ.

ರಕ್ತದ ವಿಷಯಕ್ಕಂತೂ ಫೋನ್ ಲಿಸ್ಟ್ ಮುಂದ ಬ್ಯಾನರ್ ನಿಲ್ಲಂಗಿಲ್ಲ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ತಗದ ರಕ್ತದಾಗಿನ ಕೆಂಪು ಕಣ ಭಾಳ ಅಂದ್ರ 42 ದಿನ ಇಡಾಕ ಬರ್ತೈತಿ, ಪ್ಲೇಟ್ಲೆಟ್ ಅಂತೂ 5 ದಿನ. ಅಕ್ಟೋಬರ್ 1ಕ್ಕ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ ಅಂತ ಬ್ಯಾನರ್ ಹಾಕಿ ಒಂದ ದಿನ ನೂರಾರು ಬಾಟಲಿ ತಗದು ಆಮ್ಯಾಲ ವರ್ಷಗಟ್ಲೆ ಸುಮ್ಮನ ಕುಂತ್ರ ಬ್ಯಾಸಿಗ್ಯಾಗ ಕಾಲೇಜು ಸೂಟಿ ಇದ್ದಾಗ ಬಾಣಂತಿಗೆ ಬೇಕಂದ್ರ ಎಲ್ಲಿಂದ ತರೋದು? ಅದಕ್ಕ ದಾನಿಗಳ ಪಟ್ಟಿ ಬೇಕು, ಹೆಸರು, ಬ್ಲಡ್ ಗ್ರೂಪ್, ಯಾವ ಏರಿಯಾ, ಕಡೀಕ ಕೊಟ್ಟಿದ್ದು ಯಾವಾಗ, ಇಷ್ಟು ಬರ್ದಿಟ್ಟ್ರ ಸಾಕು. ಗಂಡಸ್ರು 90 ದಿನಕ್ಕೊಮ್ಮೆ, ಹೆಣ್ಮಕ್ಕಳು 120 ದಿನಕ್ಕೊಮ್ಮೆ ಕೊಡಬಹುದು, ವಯಸ್ಸು 18ರಿಂದ 65, ತೂಕ 45 ಕೆಜಿ ಮ್ಯಾಲ, ಹಿಮೋಗ್ಲೋಬಿನ್ 12.5 ಇರಬೇಕು. ಪಟ್ಟಿ ನೋಡಿ ಸರದಿ ಪ್ರಕಾರ ಫೋನ್ ಹಚ್ಚಿದ್ರ ಒಬ್ಬರಿಗೂ ಭಾರ ಆಗಂಗಿಲ್ಲ, ವರ್ಷ ಪೂರ್ತಿ ನಡಿತೈತಿ. ಮತ್ತ ಗ್ರೂಪಿನ್ಯಾಗ "ಅರ್ಜೆಂಟ್ ಬ್ಲಡ್ ಬೇಕು" ಅಂತ ಹಾಕುವಾಗ ತಾರೀಖು, ಟೈಮು, ಯಾವ ದವಾಖಾನಿ, ಎಷ್ಟು ಯೂನಿಟ್, ಯಾರಿಗೆ ಫೋನ್ ಮಾಡಬೇಕು, ಇವು ಇಲ್ಲದ ಹಾಕಬ್ಯಾಡ್ರಿ, ರಕ್ತ ಸಿಕ್ಕ ಮ್ಯಾಲ "ಸಿಕ್ಕೈತಿ, ಇನ್ನ ಫಾರ್ವರ್ಡ್ ಮಾಡಬ್ಯಾಡ್ರಿ" ಅಂತ ಅದ ಗ್ರೂಪಿಗೆ ಹಾಕ್ರಿ. ತಾರೀಖಿಲ್ಲದ ಮೆಸೇಜ್ ತಿಂಗಳುಗಟ್ಲೆ ತಿರಗತಿರ್ತೈತಿ, ಎಂದೋ ಗುಣ ಆಗಿ ಮನಿಗೆ ಹೋದ ಪೇಶಂಟ್ ಮನಿಯವರಿಗೆ ಆಮ್ಯಾಲೂ ಫೋನ್ ಬರ್ತಿರ್ತಾವು, ಮುಂದ ಖರೇ ಬೇಕಾದಾಗ ಮಂದಿ ನಂಬಂಗಿಲ್ಲ.

ಟಂಟಂ ಮೈಕ್ ನಮ್ಮ ಹಳ್ಳಿಗಳಿಗೆ ಇನ್ನೂ ನಡಿತೈತಿ. ಹಿಂದ ಡಂಗುರ ಸಾರತಿದ್ರು, ಈಗ ಮೈಕ್. ಓದಾಕ ಬರದವರಿಗೂ ಮುಟ್ಟತೈತಿ, ಫೋನ್ ಇಲ್ಲದವರಿಗೂ ಮುಟ್ಟತೈತಿ. ಮುಂಜಾನಿ ಮಂದಿ ಹೊಲಕ್ಕ ಹೋಗೋ ಮುಂಚೆ ಇಲ್ಲಾ ಸಂಜೀಕ ದನ ಮನಿಗೆ ಬರೋ ಹೊತ್ತಿಗೆ ತಿರಗಿಸಿದ್ರ ಅಷ್ಟ ಉಪಯೋಗ, ಮಟಮಟ ಮಧ್ಯಾಹ್ನ ಊರಾಗ ಯಾರೂ ಇರಂಗಿಲ್ಲ. ಪರ್ಮಿಶನ್ ತಗೋಬೇಕು, ರಾತ್ರಿ 10ರಿಂದ ಮುಂಜಾನಿ 6ರ ತನಕ ಮೈಕ್ ಹಚ್ಚಂಗಿಲ್ಲ, 2000ದ ಶಬ್ದ ಮಾಲಿನ್ಯದ ನಿಯಮ ಐತಿ. ಆದ್ರ ಮೈಕ್‌ಗೆ ಒಂದು ಕೊರತಿ, ಗಾಡಿ ಓಣಿ ದಾಟಿ ಹೋದ ಮ್ಯಾಲ "ಏನಂದ್ರು? ಯಾವತ್ತಂತ?" ಅಂತ ಒಬ್ಬರಿಗೊಬ್ಬರು ಕೇಳ್ತಾರ, ಹೇಳೋರು ಯಾರೂ ಇರಂಗಿಲ್ಲ. ಹಂಗಾಗಿ ಗಾಡಿ ಹಿಂದ ಇಬ್ಬರು ಹುಡುಗ್ರು ನಡ್ಕೋತ ಬರ್ಲಿ, ಕೈಯಾಗ ಹಾಳಿ ಇಟ್ಕೊಂಡು, ಅಗಸ್ಯಾಗ ಒಮ್ಮೆ, ಹಣಮಪ್ಪನ ಗುಡಿ ಕಟ್ಟಿ ಮುಂದ ಒಮ್ಮೆ ಗಾಡಿ ನಿಲ್ಲಿಸಿ ಹತ್ತು ನಿಮಿಷ ಮಾತಾಡ್ಲಿ. ಪಂಚಾಯ್ತಿಯ ಕಸದ ಗಾಡಿ ಹೆಂಗೂ ಓಣಿಗೆ ಬರ್ತೈತಿ, ಪಿಡಿಓ ಅವರನ್ನ ಕೇಳಿದ್ರ ಅದರಾಗೂ ಅನೌನ್ಸ್ ಮಾಡಸಬಹುದು, ಪುಕ್ಕಟ.

ಬ್ಯಾನರ್ ಬಗ್ಗೆ ಹೆಚ್ಚಿಗೆ ಹೇಳೋದಿಲ್ಲ. ಪ್ಲಾಸ್ಟಿಕ್ ಫ್ಲೆಕ್ಸ್ ನಮ್ಮ ರಾಜ್ಯದಾಗ 2016ರಾಗ ಬ್ಯಾನ್ ಆಗೈತಿ, ಬಟ್ಟಿ ಬ್ಯಾನರ್ ಬರೆಸ್ರಿ, ನಗರಸಭೆ ಇಲ್ಲಾ ಪಂಚಾಯ್ತಿ ಪರ್ಮಿಶನ್ ತಗೋರಿ, ಶಿಬಿರ ಎಲ್ಲೈತೋ ಆ ಜಾಗಾದಾಗ ಒಂದು ಕಟ್ರಿ, ಮುಗೀತು. ಹತ್ತು ಮುಖಂಡರ ಫೋಟೋ ಹಾಕಿ ನಡುವ ಸಣ್ಣ ಅಕ್ಷರದಾಗ ಸ್ಥಳ, ಟೈಮು ಹಾಕಿದ ಬ್ಯಾನರ್ ಮುಖಂಡರಿಗೆ ಮುಟ್ಟತೈತಿ, ಮಂದಿಗೆ ಮುಟ್ಟಂಗಿಲ್ಲ.

ಪಾಂಪ್ಲೆಟ್ ಬ್ಯಾರೆ. ಅದು ಮನ್ಯಾಗ ಉಳೀತೈತಿ, ಕ್ಯಾಲೆಂಡರ್ ಹಿಂದ ಸಿಗಿಸಿ ಇಡ್ತಾರ. ಪೇಪರ್ ಒಳಗ ಹಾಕಿ ಹಂಚಿದ್ರ ಪೇಪರ್ ತರಸೋ ಮನಿಗಷ್ಟ ಹೋಗತೈತಿ, ಹಳ್ಯಾಗ ಪೇಪರ್ ಓದೋದು ಚಾದಂಗಡ್ಯಾಗ, ಕಟಿಂಗ್ ಶಾಪಿನ್ಯಾಗ, ಪಂಚಾಯ್ತಿ ಲೈಬ್ರರ್ಯಾಗ, ಅಲ್ಲಿ ಒಂದೊಂದು ಅಂಟಿಸ್ರಿ, ಸಾವಿರ ಹಂಚೋದಕ್ಕಿಂತ ಹೆಚ್ಚು ಮಂದಿ ಓದ್ತಾರ. ಮತ್ತ ಪಾಂಪ್ಲೆಟ್‌ನ್ಯಾಗ ಸಂಘದ ಪದಾಧಿಕಾರಿಗಳ ಹೆಸರಿಗಿಂತ ಮೊದಲು ಇವನ್ನ ಹಾಕ್ರಿ: ಏನೇನು ಪುಕ್ಕಟ, ಏನೇನು ತರಬೇಕು (ಆಧಾರ್ ಕಾರ್ಡ್, ದಿನಾ ತಗೊಳ್ಳೋ ಸಕ್ರಿ ಕಾಯಿಲಿ ಬಿಪಿ ಗುಳಿಗಿ), ಎಷ್ಟು ಗಂಟೆಗೆ ಮುಗೀತೈತಿ, ಯಾವ ಬಸ್ಸಿಗೆ ಬಂದ್ರ ಹತ್ರ. 2023ರ ಜೂನ್‌ದಿಂದ ಶಕ್ತಿ ಯೋಜನೆ ಬಂದ ಮ್ಯಾಲ ಹೆಣ್ಮಕ್ಕಳಿಗೆ ಸಾದಾ ಸರ್ಕಾರಿ ಬಸ್ಸಿನ್ಯಾಗ ಟಿಕೆಟ್ ರೊಕ್ಕ ಇಲ್ಲ, ಹಂಗಾಗಿ "ಬಸ್ ಪುಕ್ಕಟ, ಆಧಾರ್ ಕಾರ್ಡ್ ತಗೊಂಡ ಬರ್ರಿ" ಅಂತ ಒಂದು ಸಾಲು ಹಾಕಿದ್ರ ಬರಾಕ ಹಿಂದಮುಂದ ನೋಡೋ ಎಷ್ಟೋ ತಾಯಂದಿರು ಹೊಂಡತಾರ.

ಈಗ ನಾನು ಎಲ್ಲಾಕಿಂತ ಮ್ಯಾಲ ಇಡೋದು. ಮನಿಮನಿಗೆ ಹೋಗೋದು, ಅದೂ ನಾವಲ್ಲ, ಆ ಓಣಿಯವರ ನಂಬಿಗಿ ಇರೋರ ಮೂಲಕ. ಆಶಾ ಕಾರ್ಯಕರ್ತೆಯರು ಸುಮಾರು ಸಾವಿರ ಮಂದಿಗೆ ಒಬ್ಬರಂತ ಇರ್ತಾರ, ಅಂಗನವಾಡಿ ಟೀಚರ್ ಇರ್ತಾರ, ಹೆಣ್ಮಕ್ಕಳ ಸ್ವಸಹಾಯ ಸಂಘಗಳು ಇರ್ತಾವು, ಒಂದೊಂದರಾಗ 10ರಿಂದ 20 ಮಂದಿ, ವಾರಕ್ಕೊಮ್ಮೆ ಉಳಿತಾಯದ ರೊಕ್ಕ ಕಟ್ಟಾಕ ಕೂಡ್ತಾರ. ಯಾವ ಮನ್ಯಾಗ ಯಾರಿಗೆ ಕಣ್ಣು ಕಾಣವಲ್ವು, ಯಾವ ಹುಡುಗಿ ಸಾಲಿ ಬಿಟ್ಟೈತಿ ಅಂತ ಇವರಿಗೆ ಗೊತ್ತಿದ್ದಷ್ಟು ಯಾವ ಸರ್ವೇದಾಗೂ ಸಿಗಂಗಿಲ್ಲ. ಕಣ್ಣಿನ ಶಿಬಿರಕ್ಕ ಒಬ್ಬ ಆಶಾ ಅಕ್ಕ ಒಂದು ಮನಿ ಕಟ್ಟಿ ಮ್ಯಾಲ ಕುಂತು ಮಾತಾಡೋದು ಹೆಂಗಿರ್ತೈತಿ ನೋಡ್ರಿ:

"ಯವ್ವಾ, ನಾಳಿದ್ದು ಸಾಲ್ಯಾಗ ಕಣ್ಣಿನ ಡಾಕ್ಟ್ರು ಬರ್ತಾರ, ತೋರಿಸ್ಕೊಂಡ ಬರೂಣು ನಡಿ."
"ನನಗೇನ ಆಗೇತಿ ತಂಗಿ, ವಯಸ್ಸಾತು, ಇಷ್ಟ ಕಾಣೋದು."
"ವಯಸ್ಸಾತಂತ ಸುಮ್ಮನ ಬಿಡಬ್ಯಾಡವಾ, ಕಣ್ಣಿಗೆ ಪರಿ ಬಂದಿರಬೇಕು."
"ಪರಿ ಬಲತ ಮ್ಯಾಲ ತಗಸ್ತಾರಂತಲ್ಲ? ಅದೂ ಬ್ಯಾಸಿಗ್ಯಾಗ ಬ್ಯಾಡಂತ, ಕೀವ ಆಗತೈತಂತ."
"ಹಿಂದಿನ ಕಾಲದ ಮಾತವಾ ಅವು. ಈಗ ಬಲಿಯೋ ತನಕ ಕಾಯೂದಿಲ್ಲ, ಯಾವ ಕಾಲದಾಗರ ಮಾಡ್ತಾರ."
"ಹೌದಾ... ನಾ ದವಾಖಾನ್ಯಾಗ ಬಿದ್ರ ರೊಟ್ಟಿ ಯಾರ ಬಡೀಬೇಕ ತಂಗಿ, ಸೊಸಿ ಬಾಣಂತನಕ್ಕ ಹೋಗ್ಯಾಳ."

ಕಡೀ ಮಾತು ನೋಡ್ರಿ. ಅಜ್ಜಿ ಬರದ ಇರಾಕ ಕಾರಣ ರೊಟ್ಟಿ. ಇದು ಯಾವ ಪಾಂಪ್ಲೆಟ್‌ನ್ಯಾಗೂ ಬರಂಗಿಲ್ಲ, ಮೈಕಿಗೂ ಗೊತ್ತಾಗಂಗಿಲ್ಲ, ಕಟ್ಟಿ ಮ್ಯಾಲ ಕುಂತಾಗ ಅಷ್ಟ ಹೊರಗ ಬೀಳತೈತಿ. ಗೊತ್ತಾದ ಮ್ಯಾಲ ಪರಿಹಾರ ಸಣ್ಣದು, ಬಾಜೂ ಮನ್ಯಾಕಿ ಎರಡು ದಿನ ರೊಟ್ಟಿ ಕೊಟ್ಟಾಳು, ಇಲ್ಲಾ ಸೊಸಿ ಬಂದ ಮ್ಯಾಲಿನ ತಾರೀಖಿಗೆ ಹೆಸರು ಬರಸಿದ್ರಾತು. ಆಪರೇಷನ್ ಆದ ಮ್ಯಾಲ ಕೆಲವು ವಾರ ಹನಿ ಔಷಧ ಬಿಡಬೇಕು, ಒಲಿ ಹೊಗಿ ಮುಂದ ಕುಂದ್ರಬಾರದು, ಮತ್ತ ತೋರಸಾಕ ಹೋಗಬೇಕು, ಇದನ್ನೂ ನೆನಪು ಮಾಡೋಳು ಅದ ಅಕ್ಕನ. ಆದ್ರ ಒಂದು ಮಾತು ಮನಸಿನ್ಯಾಗ ಇಟ್ಕೋರಿ, ಆಶಾದವರಿಗೆ ಮೊದಲ ತಲಿ ತುಂಬ ಕೆಲ್ಸ ಐತಿ, ಸಿಗೋದು ಪ್ರೋತ್ಸಾಹಧನ, ಪುಗಸಟ್ಟಿ ನಮ್ಮ ಕೆಲ್ಸಾನೂ ಹೇರೋದು ನ್ಯಾಯ ಅಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟ್ರನ್ನ ಮೊದಲು ಕೇಳ್ರಿ, ಅವರ ಜೋಡಿ ನಮ್ಮ ಸಂಘದ ಒಬ್ಬ ಹೆಣ್ಮಗಳು ಹೋಗ್ಲಿ, ಬರೀಯೋದು, ಫೋನ್ ಮಾಡೋದು, ಗಾಡಿ ವ್ಯವಸ್ಥಾ ಎಲ್ಲಾ ನಾವ ಮಾಡೂಣು, ಅಕ್ಕನಿಂದ ಬೇಕಾಗಿರೋದು ಬಾಗಲದಾಗಿನ ಪರಿಚಯ ಅಷ್ಟ.

ಸಂತಿ ಎರಡನೇ ನಂಬರಿಗೆ ಬರ್ತೈತಿ. ಸುತ್ತ ಹತ್ತು ಹಳ್ಳಿಯವರು ಒಂದ ದಿನ ಒಂದ ಜಾಗಾಕ್ಕ ತಾವಾಗೇ ಬರ್ತಾರ, ನಾವು ಹತ್ತು ಹಳ್ಳಿ ತಿರಗೋದು ತಪ್ತು. ಅಮೀನಗಡದ ಕುರಿ ಸಂತಿಗೆ ಗಂಡಸ್ರು ಹೆಚ್ಚು, ಕಾಯಿಪಲ್ಲೆ ಸಂತಿಗೆ ಹೆಣ್ಮಕ್ಕಳು ಹೆಚ್ಚು, ಯಾರು ಬೇಕೋ ನೋಡ್ಕೊಂಡು ಅಲ್ಲಿ ಟೇಬಲ್ ಹಾಕ್ರಿ. ಬಿಪಿ ನೋಡೋ ಒಂದು ಮಿಷಿನ್, ಕುಡಿಯಾಕ ನೀರು, ಕುಂದ್ರಾಕ ನಾಲ್ಕು ಖುರ್ಚಿ, ಇಷ್ಟಿದ್ರ ಮಂದಿ ನಿಲ್ತಾರ, ನಿಂತ್ರ ಮಾತಾಡ್ತಾರ. ಮಾಲ್ ಮಾರಾಕ ಬಂದೋರನ್ನ ಮುಂಜಾನಿ ಹಿಡೀಬ್ಯಾಡ್ರಿ, ವ್ಯಾಪಾರ ಮುಗದ ಮ್ಯಾಲ ಅವರ ಬರ್ತಾರ. ಜಾತ್ರಿ ಬ್ಯಾರೆ ಲೆಕ್ಕ. ಬದಾಮಿ ಬನಶಂಕರಿ ಜಾತ್ರಿ, ವಿಜಯಪುರದ ಸಂಕ್ರಾಂತಿ ಸಿದ್ಧೇಶ್ವರ ಜಾತ್ರಿ, ಸವದತ್ತಿ ಎಲ್ಲಮ್ಮನ ಹುಣ್ಣಿವಿ, ಮಂದಿ ಲಕ್ಷಗಟ್ಲೆ ಬರ್ತಾರ ಖರೆ, ಆದ್ರ ಎಲ್ಲೆಲ್ಲಿಯವರೋ, ಅವರಿಗೆ ನಮ್ಮ ಊರ ಶಿಬಿರ ಏನ ಉಪಯೋಗ? ಜಾತ್ರ್ಯಾಗ ತಿಳುವಳಿಕಿ ಹೇಳೋ ಕೆಲ್ಸ ಮಾಡ್ರಿ, ನೇತ್ರದಾನ, ರಕ್ತದಾನ, ಬಾಲ್ಯವಿವಾಹ ತಡಿಯೋದು, ಹೆಸರು ಬರಸ್ಕೊಳ್ಳೋ ಕೆಲ್ಸ ಬ್ಯಾಡ. ಬನಶಂಕರ್ಯಾಗ ತಿಂಗಳತನ ನಾಟಕ ಕಂಪನಿಗಳು ಬೀಡುಬಿಟ್ಟಿರ್ತಾವು, ಕಂಪನಿ ಮಾಲಕರನ್ನ ಕೇಳ್ಕೊಂಡು ಪರದೆ ಮ್ಯಾಲ ಏಳೋ ಮುಂಚೆ ಒಂದು ನಿಮಿಷ ಮಾತಾಡಾಕ ಸಿಕ್ರ ಅಷ್ಟು ಮಂದಿ ಸುಮ್ಮನ ಕುಂತು ಕೇಳೋ ಜಾಗಾ ಬ್ಯಾರೆ ಎಲ್ಲೂ ಇಲ್ಲ.

ಮಠ, ಮಸೂತಿ, ಚರ್ಚು ಇವನ್ನ ಮರೀಬ್ಯಾಡ್ರಿ. ಶ್ರಾವಣದಾಗ ಊರೂರಿಗೆ ಪುರಾಣ ಪ್ರವಚನ ನಡೀತಾವು, ಸಂಜೀಕ ಹೆಣ್ಮಕ್ಕಳು ವಯಸ್ಸಾದೋರು ತುಂಬಿರ್ತಾರ, ಮಠದ ಅಜ್ಜಾರು ಮಂಗಳಾರತಿಗೆ ಮೊದಲು ಎರಡು ಮಾತು ಹೇಳಿದ್ರ ಆ ಮಾತಿನ ತೂಕ ಬ್ಯಾರೆ. ಶುಕ್ರವಾರ ನಮಾಜ್ ಆದ ಮ್ಯಾಲ ಮೌಲಾನಾ ಅವರು ಹೇಳಿದ್ರೂ ಹಂಗ. ಮಹಾಲಿಂಗಪುರದ ಇಬ್ರಾಹಿಂ ಸುತಾರ ಅವರು, 2018ರಾಗ ಪದ್ಮಶ್ರೀ ಬಂತು, 2022ರಾಗ ತೀರಿಕೊಂಡ್ರು, ಭಜನಿ ಪ್ರವಚನದಿಂದ ಎಲ್ಲಾ ಜಾತಿ ಧರ್ಮದವರನ್ನೂ ಒಂದ ಕಡೆ ಕುಂದ್ರಿಸಿ ಮಾತಾಡಿದ್ದನ್ನ ಈ ಭಾಗದವರು ಕಣ್ಣಾರೆ ಕಂಡಾರ. ಒಂದು ಎಚ್ಚರಿಕಿ, ಒಂದ ಮಠದ ಹತ್ರ ಅಷ್ಟ ಹೋಗಿ ಬಂದ್ರ ಸಂಘ ಒಂದು ಜಾತಿದು ಅಂತ ಮಂದಿ ತಿಳ್ಕೋತಾರ, ಹೋದ್ರ ಎಲ್ಲಾ ಕಡೆ ಹೋಗ್ರಿ, ಒಂದ ವಾರದಾಗ.

ಭಾಷಾ ಮತ್ತ ಟೈಮು. ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ಮರಾಠಿ ಮನಿಗಳಿಗೆ ಮರಾಠ್ಯಾಗ ಹೇಳಬೇಕು, ವಿಜಯಪುರ ಪ್ಯಾಟ್ಯಾಗ ಉರ್ದು ಮಾತಾಡೋ ಹುಡುಗಿ ಒಬ್ಬಾಕಿ ಜೋಡಿ ಇದ್ರ ಬಾಗಲ ತಗೀತಾವು, ತಾಂಡಾದಾಗ ಲಂಬಾಣಿ. ತಾಂಡಾಕ್ಕ ಹೋದ್ರ ಮೊದಲು ನಾಯಕ, ಕಾರಭಾರಿ ಅವರನ್ನ ಕಂಡು ಮಾತಾಡ್ರಿ, ಅವರು ಹೂಂ ಅಂದ್ರ ತಾಂಡಾನ ಬರ್ತೈತಿ. ಮತ್ತ ಕಬ್ಬು ಕಡಿಯಾಕ, ಕಟ್ಟಡದ ಕೆಲ್ಸಕ್ಕ ಮಹಾರಾಷ್ಟ್ರ, ಗೋವಾಕ್ಕ ಗುಳೆ ಹೋಗೋ ಮಂದಿ ಇದ್ದ ಊರಾಗ ಚಳಿಗಾಲದಾಗ ಎಷ್ಟು ಪ್ರಚಾರ ಮಾಡಿದ್ರೂ ಮನಿ ಕೀಲಿ ಹಾಕಿರ್ತಾವು, ಹೋಳಿ, ಯುಗಾದಿಗೆ ವಾಪಸ್ ಬಂದಾಗ ಮಾಡ್ರಿ.

ರೊಕ್ಕ ಕೂಡಸೋ ವಿಷಯ ಪೂರಾ ಬ್ಯಾರೆ ದಾರಿ. ಇಲ್ಲಿ ವಾಟ್ಸಾಪ್ ಸ್ಟೇಟಸ್, ಫೇಸ್‌ಬುಕ್, ಕ್ಯೂಆರ್ ಕೋಡ್ ಎಲ್ಲಾ ಕೆಲ್ಸಕ್ಕ ಬರ್ತಾವು, ಬೆಂಗಳೂರಾಗ, ದುಬೈದಾಗ ಇರೋ ನಮ್ಮೂರ ಹುಡುಗ್ರು ಅಲ್ಲಿಂದ ಹಾಕ್ತಾರ. ಊರಾಗ ಮಾತ್ರ ಅಂಗಡಿ ಅಂಗಡಿಗೆ ಹೋಗಿ ಕೇಳಬೇಕು, ಎಪಿಎಂಸಿ ಅಡತಿ ಅಂಗಡಿ, ಬಟ್ಟಿ ಅಂಗಡಿ, ಮೆಡಿಕಲ್, ಇಬ್ಬರು ಹೋಗ್ರಿ, ರಸೀದಿ ಪುಸ್ತಕ ಕೈಯಾಗ ಇರ್ಲಿ, ಹೋದ ಸರ್ತಿ ಎಷ್ಟು ಬಂತು ಎಲ್ಲಿ ಹೋತು ಅನ್ನೋ ಒಂದು ಹಾಳಿ ಜೋಡಿ ಇರ್ಲಿ. ರೊಕ್ಕ ಕೇಳೋಕಿಂತ "20 ಹುಡುಗ್ರ ನೋಟಬುಕ್ ನಿಮ್ಮ ಅಂಗಡಿಯಿಂದ ಆಗಲಿ" ಅಂತ ಕೇಳಿದ್ರ ಭಾಳ ಮಂದಿ ಒಪ್ತಾರ. ಸಂಘಕ್ಕ 80ಜಿ (ದಾನ ಕೊಟ್ಟೋರಿಗೆ ಆದಾಯ ತೆರಿಗೆ ವಿನಾಯಿತಿ ಸಿಗೋ ನೋಂದಣಿ) ಇದ್ರ ಹೇಳ್ರಿ, 2,000 ರೂಪಾಯಿ ಮ್ಯಾಲ ನಗದು ಕೊಟ್ರ ಅದಕ್ಕ ವಿನಾಯಿತಿ ಸಿಗಂಗಿಲ್ಲ, ಬ್ಯಾಂಕಿನ ಮೂಲಕ ಕೊಡಾಕ ಹೇಳ್ರಿ. ಮತ್ತ ಸಹಾಯ ತಗೊಂಡೋರ ಮುಖದ ಫೋಟೋ ಸ್ಟೇಟಸ್‌ಗೆ ಹಾಕಿ ರೊಕ್ಕ ಕೂಡಸೋದನ್ನ ನಾನು ಒಪ್ಪಂಗಿಲ್ಲ. ಒಂದು ನೋಟಬುಕ್ ತಗೊಂಡ ಹುಡುಗಿ ಮರುದಿನ ಅದ ಕ್ಲಾಸಿನ್ಯಾಗ ಕುಂದ್ರಬೇಕು, ಆಕಿ ಫೋಟೋ ಊರ ತುಂಬ ತಿರಗಿದ್ರ ಮುಂದಿನ ವರ್ಷ ಅವರ ಮನಿಯವರು ಕೇಳಾಕ ಬರಂಗಿಲ್ಲ. ನೋಟಬುಕ್ ಗಂಟಿನ ಫೋಟೋ, ರಸೀದಿ ಫೋಟೋ ಹಾಕ್ರಿ, ಕೊಡೋರಿಗೆ ಅಷ್ಟ ಸಾಕು.

ರೇಡಿಯೋ, ಎಸ್ಸೆಮ್ಮೆಸ್ ಬಗ್ಗೆ ಕೇಳೋರಿಗೆ, ಒಮ್ಮೆಲೆ ಸಾವಿರಾರು ಮಂದಿಗೆ ಕಳಸೋ ಬಲ್ಕ್ ಎಸ್ಸೆಮ್ಮೆಸ್‌ಗೆ ಈಗ ಟೆಲಿಕಾಂ ಕಂಪನಿಯವರ ಹತ್ರ ಡಿಎಲ್‌ಟಿ ಅನ್ನೋ ನೋಂದಣಿ ಬೇಕು, ಸಣ್ಣ ಸಂಘಕ್ಕ ಅದರ ಗೋಜು ಬ್ಯಾಡ. ಧಾರವಾಡ ಆಕಾಶವಾಣಿಯನ್ನ ಹೊಲದಾಗ ಕೇಳೋರು ಇನ್ನೂ ಅದಾರ, ಕಾರ್ಯಕ್ರಮದ ಮಾಹಿತಿ ಬರ್ದು ಮುಂಚಿತ ಕಳಸ್ರಿ. ಬೆಳಗಾವ್ಯಾಗ ಕೆಎಲ್‌ಇಯ ವೇಣುಧ್ವನಿ 90.4 ಸಮುದಾಯ ರೇಡಿಯೋ ಐತಿ, ಹಿಂಥಾ ಸ್ಟೇಷನ್ ಸಿಗ್ನಲ್ ಹತ್ತು ಹದಿನೈದು ಕಿಲೋಮೀಟರ್ ಮುಟ್ಟತೈತಿ, ಊರೊಳಗಿನ ಸಂಘಕ್ಕ ಅಷ್ಟ ಬೇಕು.

ಹಂಗಾದ್ರ ಕೈಯಾಗ ಐದು ಮಂದಿ, ಸ್ವಲ್ಪ ರೊಕ್ಕ ಅಷ್ಟ ಇದ್ರ ಯಾವುದು? ಹಳ್ಯಾಗ ಕಣ್ಣಿನ ಶಿಬಿರ ಅಂದ್ರ ಆಶಾ ಅಕ್ಕ, ಸ್ವಸಹಾಯ ಸಂಘದ ಮೀಟಿಂಗ್, ಹಿಂದಿನ ದಿನ ಒಮ್ಮೆ ಮೈಕ್, ಅಷ್ಟ. ರಕ್ತದಾನ ಅಂದ್ರ ಕಾಲೇಜಿಗೆ ಹೋಗಿ ಕ್ಲಾಸಿನ್ಯಾಗ ಹತ್ತು ನಿಮಿಷ ಮಾತು, ಅಲ್ಲೇ ಪ್ರಶ್ನಿಗೆ ಉತ್ತರ, ಆಮ್ಯಾಲ ಫೋನ್ ಪಟ್ಟಿ, ಪರೀಕ್ಷಾ ಟೈಮ್ ಬಿಟ್ಟು. ನೋಟಬುಕ್ ಅಂದ್ರ ಹೆಡ್‌ಮಾಸ್ತರ್ ಕೈಗೆ ಪಟ್ಟಿ ಬಿಡ್ರಿ, ಯಾರಿಗೆ ಬೇಕು ಅಂತ ಅವರಿಗೆ ಗೊತ್ತಿರ್ತೈತಿ, ಪ್ರಚಾರನ ಬ್ಯಾಡ. ಬಾಗಲಕೋಟಿಯೊಳಗ ಇನ್ನೊಂದು ಫರಕ್ ಐತಿ, ಹಳೇ ಊರ ಓಣ್ಯಾಗ ಕಟ್ಟಿ ಮ್ಯಾಲಿನ ಮಾತು ಸಂಜೀತನಕ ಎಲ್ಲಾ ಮನಿ ಮುಟ್ಟತೈತಿ, ಆಲಮಟ್ಟಿ ಹಿನ್ನೀರು ಬಂದು ಊರು ಎದ್ದು ನವನಗರಕ್ಕ ಹೋದ ಮ್ಯಾಲ ಹಳೇ ಓಣಿಯವರು ಬ್ಯಾರೆ ಬ್ಯಾರೆ ಸೆಕ್ಟರ್‌ನ್ಯಾಗ ಹರದು ಹೋಗ್ಯಾರ, ಬಾಜೂ ಮನಿಯವರ ಪರಿಚಯ ಕಮ್ಮಿ. ಅಲ್ಲಿ ಸೆಕ್ಟರ್ ವಾಟ್ಸಾಪ್ ಗ್ರೂಪು, ಗುಡಿ ಕಮಿಟಿ, ಮುಂಜಾನಿ ವಾಕಿಂಗ್ ಬರೋರು, ಇವರನ್ನ ಹಿಡೀಬೇಕು.

ಯಾವ ದಾರಿ ಹಿಡಿದ್ರೂ ಶಿಬಿರದ ದಿನ ಹೆಸರು ಬರಸೋ ರಜಿಸ್ಟರ್‌ನ್ಯಾಗ ಒಂದು ಕಾಲಂ ಹೆಚ್ಚಿಗೆ ಹಾಕ್ರಿ, "ಯಾರು ಹೇಳಿದ್ರು" ಅಂತ. ಮೈಕ್, ಪಾಂಪ್ಲೆಟ್, ಆಶಾ ಅಕ್ಕ, ಮಗನ ಫೋನು, ಏನಂದ್ರೂ ಅವರು ಅಂದಂಗ ಬರೀರಿ. ಸಂಜೀಕ ಕುಂತು ಎಣಿಸಿದ್ರ ನಿಮ್ಮ ಊರಿಗೆ ಯಾವುದು ನಡಿತೈತಿ ಅಂತ ನಾನು ಹೇಳೋಕಿಂತ ಆ ರಜಿಸ್ಟರ್ ಚಲೋ ಹೇಳ್ತೈತಿ, ಮುಂದಿನ ಶಿಬಿರದ ರೊಕ್ಕ ಅದನ್ನ ನೋಡಿ ಖರ್ಚು ಮಾಡ್ರಿ. ಬರ್ತೀನಂತ ಹೆಸರು ಕೊಟ್ಟು ಬರದೋರ ಪಟ್ಟೀನೂ ಇಟ್ಕೊಂಡು ಮರುದಿನ ಒಂದೊಂದು ಫೋನ್ ಮಾಡ್ರಿ, ಬೈಯಾಕ ಅಲ್ಲ, "ಯಾಕ ಬರಲಿಲ್ರಿ, ಏನರ ತೊಂದ್ರಿ ಆತೇನು" ಅಂತ ಕೇಳಾಕ.